ಜಾಡು, ನೀರು, ಜನ: ಮಿನೆಸೋಟದಲ್ಲಿ ಪಾರ್ಕ್ ನಿರ್ವಹಣೆಯ ಎರಡು ವರ್ಷದ ಓದು

ಕಾಡು ನೋಡಲು ಬಂದವರಿಂದ ಕಾಡಿಗೆ ಪೆಟ್ಟಾಗಬಾರದು, ಕಾಡಿನಿಂದ ಬಂದವರಿಗೂ ಪೆಟ್ಟಾಗಬಾರದು. ಪಾರ್ಕ್ಸ್, ರಿಕ್ರಿಯೇಷನ್, ಟೂರಿಸಂ ಎಂಬ ಎರಡು ವರ್ಷದ ಕೋರ್ಸಿನಲ್ಲಿ ಕಲಿಸುವುದೆಲ್ಲ ಕೊನೆಗೆ ಈ ಎರಡು ಮಾತಿಗೇ ಬಂದು ನಿಲ್ಲುತ್ತದೆ. ಸೇರುವಾಗ ಹೆಚ್ಚಿನವರ ತಲೆಯಲ್ಲಿ ಕರಡಿ, ತೋಳ, ಮೂಸ್ ಇರುತ್ತವೆ. ಪ್ರಾಣಿಗಳ ಬಗ್ಗೆ ಇರುವುದು ಒಂದೋ ಎರಡೋ ಪೇಪರ್ ಅಷ್ಟೇ. ಉಳಿದ ಹೊತ್ತೆಲ್ಲ ಹೋಗುವುದು ಜನರ ಕಾಲಡಿಯ ಮಣ್ಣು, ಅವರು ಟೆಂಟ್ ಹೊಡೆದ ಜಾಗ, ಹಾಕಿದ ಬೆಂಕಿ, ಕೇಳುವ ಪ್ರಶ್ನೆ ಇವುಗಳ ಹಿಂದೆ. ಇದನ್ನು ತಿಳಿದುಕೊಂಡೇ ಬಂದವರಿಗೆ ಈ ಓದು ಮೊದಲ ವಾರದಿಂದಲೇ ಹಿಡಿಸುತ್ತದೆ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ಅಂಚಿನ ಓದಿನ ಬಗ್ಗೆ. ಈಲಿ ಎಂಬ ಸಣ್ಣ ಊರು ದಾಟಿದರೆ ಬೌಂಡರಿ ವಾಟರ್ಸ್ ಎಂಬ ರಕ್ಷಿತ ಪ್ರದೇಶ. ಸುಮಾರು 11 ಲಕ್ಷ ಎಕರೆ, ಸಾವಿರಕ್ಕೂ ಹೆಚ್ಚು ಕೆರೆಗಳು, ಕೆರೆಯಿಂದ ಕೆರೆಗೆ ದೋಣಿ ಹೊತ್ತು ನಡೆಯುವ ಕಾಲುದಾರಿಗಳು. ಆಚೆ ಕೆನಡಾ. ಇಂಥ ಕಡೆ ಇರುವ ಕಾಲೇಜಿನಲ್ಲಿ ಲ್ಯಾಬ್ ಎಂದರೆ ಹೊರಗೆ, ಮಳೆಯಿದ್ದರೂ ಹೊರಗೆ. ಡಿಪ್ಲೊಮಾಕ್ಕಿಂತ ಮೇಲೆ, ನಮ್ಮ ಡಿಗ್ರಿಗಿಂತ ಕೆಳಗೆ ಬರುವ ಇದಕ್ಕೆ ಅಸೋಸಿಯೇಟ್ ಪದವಿ ಎಂದು ಹೆಸರು. ಸಾಮಾನ್ಯವಾಗಿ 60 ಕ್ರೆಡಿಟ್, ನಾಲ್ಕು ಸೆಮಿಸ್ಟರ್, ನಡುವೆ ಒಂದು ಬೇಸಿಗೆ ಕೆಲಸ.

ಮೊದಲು ಕೈಗೆ ಬರುವುದು ಕ್ಲೈನೋಮೀಟರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಇಳಿಜಾರು ಅಳೆಯುವ ಉಪಕರಣ. ಒಂದು ಕಣ್ಣು ರಂಧ್ರಕ್ಕೆ ಒತ್ತಿ, ಇನ್ನೊಂದು ಕಣ್ಣನ್ನೂ ತೆರೆದಿಟ್ಟು, ಒಳಗೆ ಕಾಣುವ ಗೆರೆಯನ್ನು ಎದುರಿಗಿರುವವರ ಮೇಲೆ ಹೊಂದಿಸಬೇಕು. ಅಳೆಯುವ ಮೊದಲು ಜೊತೆಗಾರರಿಬ್ಬರೂ ಸಮತಟ್ಟು ನೆಲದಲ್ಲಿ ನಿಂತು, ಸೊನ್ನೆ ಎದುರಿನವರ ಮೈಮೇಲೆ ಎಲ್ಲಿ ಬೀಳುತ್ತದೆ, ಹಣೆಗೋ ಗದ್ದಕ್ಕೋ ಎಂದು ನೋಡಿಕೊಳ್ಳಬೇಕು. ಎತ್ತರದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇಡೀ ದಿನದ ಅಳತೆ ಕೆಡುತ್ತದೆ. ಎಲ್ಲರೂ ಒಮ್ಮೆಯಾದರೂ ಎಡವುವುದು ಇನ್ನೊಂದರಲ್ಲಿ. ಉಪಕರಣದಲ್ಲಿ ಎಡಕ್ಕೆ ಡಿಗ್ರಿ, ಬಲಕ್ಕೆ ಶೇಕಡಾ ಎಂದು ಎರಡು ಅಳತೆಗಳಿರುತ್ತವೆ. ದಾರಿಯ ಲೆಕ್ಕವೆಲ್ಲ ಶೇಕಡಾದಲ್ಲಿ. 10 ಡಿಗ್ರಿಯನ್ನು ಶೇ. 10 ಎಂದು ಬರೆದುಕೊಂಡರೆ ನಿಜವಾದ ಇಳಿಜಾರು ಶೇ. 17ರ ಮೇಲಿರುತ್ತದೆ. ಆ ಲೆಕ್ಕದಲ್ಲಿ ಬಾವುಟ ನೆಟ್ಟು ಕಡಿದ ದಾರಿಯನ್ನು ನೀರು ಒಂದೇ ಬೇಸಿಗೆಯಲ್ಲಿ ಕಿತ್ತುಹಾಕುತ್ತದೆ.

ಕಾಲುದಾರಿಯ ವಿದ್ಯೆಯೆಲ್ಲ ನೀರಿನ ವಿದ್ಯೆ. ಬೆಟ್ಟದ ಮೈ ಶೇ. 40ರಷ್ಟು ಇಳಿಜಾರಿದ್ದರೆ ದಾರಿ ಎಲ್ಲಿಯೂ ಶೇ. 20 ಮೀರಬಾರದು. ಇದು ಅರ್ಧದ ನಿಯಮ. ಅರ್ಧಕ್ಕಿಂತ ಹೆಚ್ಚಾದರೆ ಮೇಲಿಂದ ಬಂದ ನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುವ ಬದಲು ದಾರಿಯನ್ನೇ ಹಿಡಿದು ಇಳಿಯುತ್ತದೆ. ಇದರ ಜೊತೆಗೆ, ಒಟ್ಟು ದಾರಿಯ ಸರಾಸರಿ ಏರು ಶೇ. 10ರ ಒಳಗಿರಬೇಕು ಎಂಬ ಇನ್ನೊಂದು ನಿಯಮ. ಪಶ್ಚಿಮ ಘಟ್ಟದಲ್ಲಿ ಗುಡ್ಡದ ನೆತ್ತಿಯಿಂದ ನೇರ ಕೆಳಗಿಳಿಯುವ ಹಾದಿಗಳು ಎರಡು ಮಳೆಗಾಲಕ್ಕೆ ಸೊಂಟದಾಳದ ಕೊರಕಲಾಗುವುದನ್ನು ನೋಡಿದವರಿಗೆ ಈ ನಿಯಮ ಬಾಯಿಪಾಠ ಮಾಡಬೇಕಾಗಿಲ್ಲ. ಸಮತಟ್ಟು ನೆಲ ಒಳ್ಳೆಯದು ಎಂದು ಅಲ್ಲಿ ದಾರಿ ಎಳೆಯುವುದೂ ತಪ್ಪೇ. ಅಲ್ಲಿ ನೀರಿಗೆ ಹೋಗಲು ಜಾಗವಿಲ್ಲ, ಕೆಸರಾಗುತ್ತದೆ. ಕೆಸರು ತುಳಿಯಲು ಮನಸ್ಸಿಲ್ಲದವರು ಪಕ್ಕದ ಗಿಡ ತುಳಿಯುತ್ತಾರೆ. ಎರಡು ಅಡಿಯ ದಾರಿ ಹನ್ನೆರಡು ಅಡಿ ಆಗುವುದು ಹೀಗೆ. ದಾರಿ ಎಳೆಯಬೇಕಾದದ್ದು ಗುಡ್ಡದ ಪಕ್ಕೆಯಲ್ಲಿ, ಅಡ್ಡಕ್ಕೆ.

ಎಳೆದ ಮೇಲೆ ಕಡಿಯುವ ಕೆಲಸ. ಮೇಲಿನ ಕಪ್ಪು ಮಣ್ಣು, ಕೊಳೆತ ಎಲೆ, ಬೇರಿನ ಜಾಲ ಎಲ್ಲವನ್ನೂ ತೆಗೆದು ಕೆಳಗಿನ ಗಟ್ಟಿ ಖನಿಜ ಮಣ್ಣು ಸಿಗುವವರೆಗೆ ಅಗೆಯಬೇಕು. ಕಪ್ಪು ಮಣ್ಣು ನಡೆಯಲು ಮೆತ್ತಗಿರುತ್ತದೆ ಎಂದು ಬಿಟ್ಟುಬಿಡುವ ಆಸೆ ಹುಟ್ಟುತ್ತದೆ. ಆದರೆ ಅದು ನೀರು ಹಿಡಿದಿಟ್ಟುಕೊಂಡು ಮೊದಲ ಮಳೆಗೇ ರಾಡಿಯಾಗುತ್ತದೆ. ಅಗೆದ ಮಣ್ಣನ್ನು ಕೆಳಗಿನ ಅಂಚಿಗೆ ತುಂಬಿ ದಾರಿ ಅಗಲ ಮಾಡಿಕೊಳ್ಳುವ ಅಡ್ಡದಾರಿಯೂ ಉಂಟು. ಸಡಿಲ ಮಣ್ಣಿನ ಆ ಅಂಚು ಜನರ ತೂಕಕ್ಕೆ ಕುಸಿಯುತ್ತದೆ. ಹಾಗಾಗಿ ಪೂರ್ತಿ ಅಗಲವನ್ನೂ ಗುಡ್ಡದ ಒಳಗೇ ಕಡಿದು, ಮಣ್ಣನ್ನು ದೂರ ಎಸೆಯಬೇಕು. ಮೇಲುಬದಿಯ ದರೆಯನ್ನು ನೆಟ್ಟಗೆ ಕಡಿದರೆ ಕೆಲಸ ಬೇಗ ಮುಗಿಯುತ್ತದೆ, ಮಳೆಗೆ ದರೆಯೂ ಬೇಗ ಜರಿಯುತ್ತದೆ. ಅದನ್ನು ಹಿಂದಕ್ಕೆ ಓರೆಯಾಗಿಸಿ ಗುಡ್ಡದ ಮೈಗೆ ಸೇರಿಸಬೇಕು.

ನಡೆಯುವ ಮೇಲ್ಮೈ ಹೊರಗಡೆಗೆ ಶೇ. 5ರಷ್ಟು ವಾಲಿರಬೇಕು. 30 ಇಂಚು ಅಗಲದ ದಾರಿಯಲ್ಲಿ ಒಳ ಅಂಚಿಗಿಂತ ಹೊರ ಅಂಚು ಒಂದೂವರೆ ಇಂಚು ತಗ್ಗು. ಕಣ್ಣಿಗೆ ಕಾಣುವಷ್ಟಿಲ್ಲ, ನೀರಿಗೆ ಸಾಕು. ವರ್ಷಗಟ್ಟಲೆ ಜನ ನಡೆದಂತೆ ನಡುಭಾಗ ತಗ್ಗಾಗಿ ಹೊರ ಅಂಚಿನಲ್ಲಿ ಮಣ್ಣಿನ ಸಣ್ಣ ಏರಿ ಎದ್ದುಬಿಡುತ್ತದೆ. ನೀರು ಆ ಏರಿಗೆ ತಡೆದು ದಾರಿಯೊಳಗೇ ಹರಿಯತೊಡಗುತ್ತದೆ. ದುರಸ್ತಿ ತಂಡಗಳು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಈ ಏರಿ ಕೆರೆದು ತೆಗೆಯುವುದೇ. ಅದಕ್ಕೆ ಮೆಕ್ಲಾಯ್ಡ್ ಎಂಬ, ಒಂದು ಬದಿ ಅಗಲ ಹಲಗೆ ಇನ್ನೊಂದು ಬದಿ ದಪ್ಪ ಹಲ್ಲುಗಳಿರುವ ಸಲಕರಣೆ. ಬೇರು ಕಡಿದು ಮಣ್ಣು ಅಗೆಯಲು ಪುಲಾಸ್ಕಿ, ಅಂದರೆ ಒಂದೇ ಕಾವಿಗೆ ಕೊಡಲಿಯೂ ಗುದ್ದಲಿಯೂ. 1910ರ ಭಾರೀ ಕಾಡ್ಗಿಚ್ಚಿನಲ್ಲಿ ಇಡಾಹೊದಲ್ಲಿ ತನ್ನ ಜನರನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಉಳಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ. ಬಂಡೆ ಮೀಟಲು 18 ಪೌಂಡಿನ ಹಾರೆ. ಕೆಲಸ ಮಾಡುವವರ ನಡುವೆ ಹತ್ತು ಅಡಿ ಅಂತರ, ಸಲಕರಣೆ ಹೊತ್ತು ನಡೆಯುವಾಗ ಹೆಗಲ ಮೇಲಲ್ಲ, ಇಳಿಜಾರಿನ ಕಡೆಯ ಕೈಯಲ್ಲಿ. ಜಾರಿದರೆ ದೂರ ಎಸೆಯಲು ಆಗುವುದು ಆಗಲೇ.

ನೀರು ಹೊರಹಾಕಲು ದಾರಿಗೆ ಅಡ್ಡ ಮರದ ದಿಮ್ಮಿ ಹೂಳುವ ಹಳೆಯ ಪದ್ಧತಿಯನ್ನೂ ಕಲಿಸುತ್ತಾರೆ. ದಾರಿಗೆ 45 ಡಿಗ್ರಿ ಓರೆಯಲ್ಲಿ ಇಡಬೇಕು, ನೇರ ಅಡ್ಡಕ್ಕೆ ಇಟ್ಟರೆ ಮಣ್ಣು ತುಂಬಿಕೊಳ್ಳುತ್ತದೆ. ಓರೆಯಾಗಿಟ್ಟರೂ ಒಂದೆರಡು ವರ್ಷಕ್ಕೆ ತುಂಬಿಕೊಳ್ಳುವುದು ತಪ್ಪುವುದಿಲ್ಲ, ಪ್ರತಿ ವರ್ಷ ಯಾರಾದರೂ ಬಂದು ಕೆರೆಯಬೇಕು. ಅದರ ಬದಲು ದಾರಿಯನ್ನು ಎಳೆಯುವಾಗಲೇ 20ರಿಂದ 50 ಅಡಿಗೊಮ್ಮೆ ಸ್ವಲ್ಪ ಇಳಿಸಿ ಮತ್ತೆ ಏರಿಸಿದರೆ ಪ್ರತಿ ತಗ್ಗಿನಲ್ಲೂ ನೀರು ತಾನೇ ಹೊರಬೀಳುತ್ತದೆ, ದಶಕಗಳ ಕಾಲ. ಈ ಒಂದು ವಿಷಯ ಸರಿಯಾಗಿ ಕಲಿತರೂ ಎರಡು ವರ್ಷ ಕಳೆದದ್ದಕ್ಕೆ ಮೋಸವಿಲ್ಲ ಎಂದು ನನ್ನ ಅಭಿಪ್ರಾಯ.

ಬೌಂಡರಿ ವಾಟರ್ಸ್‌ನಂಥ ಕಡೆ ಮೋಟಾರ್ ಗರಗಸ ಬಳಸುವಂತಿಲ್ಲ. 1964ರ ವೈಲ್ಡರ್‌ನೆಸ್ ಕಾಯ್ದೆ ಯಂತ್ರಗಳನ್ನು ಹೊರಗಿಟ್ಟಿದೆ. ದಾರಿಗೆ ಅಡ್ಡ ಬಿದ್ದ ಮರವನ್ನು ಇಬ್ಬರು ಎಳೆಯುವ ಉದ್ದ ಗರಗಸದಿಂದಲೇ ಕೊಯ್ಯಬೇಕು. ಎಳೆಯಬೇಕೇ ಹೊರತು ತಳ್ಳಬಾರದು, ತಳ್ಳಿದರೆ ತಗಡು ಬಳುಕಿ ಸಿಕ್ಕಿಕೊಳ್ಳುತ್ತದೆ. ಕೊಯ್ಯುವ ಮೊದಲು ದಿಮ್ಮಿಯ ಒತ್ತಡ ಎಲ್ಲಿದೆ ಎಂದು ಓದಬೇಕು. ಎರಡೂ ತುದಿಗೆ ಆಸರೆಯಿದ್ದು ನಡುವೆ ತೂಗುತ್ತಿದ್ದರೆ ಮೇಲ್ಭಾಗ ಅಮುಕಿಕೊಂಡಿರುತ್ತದೆ, ಮೇಲಿಂದ ಕೊಯ್ಯುತ್ತಾ ಹೋದಂತೆ ಗರಗಸ ಹಿಡಿದುಕೊಳ್ಳುತ್ತದೆ. ಅಲ್ಲಿ ಬೆಣೆ ಹೊಡೆದುಕೊಂಡೇ ಮುಂದುವರಿಯಬೇಕು. ಒಂದೇ ತುದಿಗೆ ಆಸರೆಯಿದ್ದರೆ ಉಲ್ಟಾ, ಮೇಲ್ಭಾಗ ಸೀಳಿಕೊಂಡು ಬಿಚ್ಚುತ್ತದೆ. ಬೇರುಸಮೇತ ಉರುಳಿದ ಮರವಾದರೆ ಕೊಯ್ದ ಕ್ಷಣ ಬುಡ ಎದ್ದು ತನ್ನ ಗುಂಡಿಗೆ ವಾಪಸ್ ಕೂರಬಹುದು. ಹಾಗಾಗಿ ಬೇರಿನ ಹಿಂದೆ ಯಾರೂ ಇಲ್ಲ ಎಂದು ಕೂಗಿ ಖಚಿತಪಡಿಸಿಕೊಳ್ಳುವುದು ನಿಯಮ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಅರಣ್ಯಗಳಲ್ಲಿ ಗರಗಸ ಹಿಡಿಯಲು ಎ, ಬಿ, ಸಿ ಎಂಬ ಮಟ್ಟಗಳ ಪ್ರಮಾಣಪತ್ರ ಬೇಕು. ಇದು ಕೈಯಲ್ಲಿದ್ದರೆ ಬೇಸಿಗೆ ಕೆಲಸಕ್ಕೆ ಬಹಳ ಅನುಕೂಲ.

ಎಲ್ಲ ದಾರಿಯೂ ಕಾಡಿನದ್ದಲ್ಲ. ಗಾಲಿಕುರ್ಚಿಯವರೂ ಬರುವ ದಾರಿಗೆ ಬೇರೆ ಲೆಕ್ಕ. 2013ರಲ್ಲಿ ಬಂದ ಫೆಡರಲ್ ನಿಯಮದಂತೆ ಕನಿಷ್ಠ 36 ಇಂಚು ಅಗಲ. ಏರು ಶೇ. 5ರವರೆಗೆ ಎಷ್ಟು ಉದ್ದವಾದರೂ ಇರಬಹುದು. ಶೇ. 8.33 ಆದರೆ 200 ಅಡಿ, ಶೇ. 10 ಆದರೆ 30 ಅಡಿ, ಶೇ. 12 ಆದರೆ 10 ಅಡಿ ಮಾತ್ರ, ಆಮೇಲೆ ವಿಶ್ರಾಂತಿಯ ಜಾಗ ಇರಲೇಬೇಕು. ಪರೀಕ್ಷೆಯಲ್ಲಿ ಈ ಅಂಕಿಗಳನ್ನು ಕೇಳುತ್ತಾರೆ. ಅದಕ್ಕಿಂತ ಮುಖ್ಯ, ಸಿದ್ಧವಾದ ದಾರಿಯ ಮೇಲೆ ಎರಡು ಅಡಿಯ ಮಟ್ಟಗೋಲು ಇಟ್ಟು ಅಳೆದು ನೋಡುವ ಅಭ್ಯಾಸ. ನಕ್ಷೆಯಲ್ಲಿ ಸರಿಯಿದ್ದ ಎಷ್ಟೋ ದಾರಿಗಳು ನೆಲದಲ್ಲಿ ತಪ್ಪಿರುತ್ತವೆ. ಶೌಚಾಲಯದ ಬಾಗಿಲಿನ ಮುಂದಿನ ಕೊನೆಯ ಹತ್ತು ಅಡಿಯಲ್ಲಂತೂ ತಪ್ಪುವುದು ಹೆಚ್ಚು.

ಎರಡನೇ ದೊಡ್ಡ ಪಾಠ ಕ್ಯಾಂಪಿಂಗ್ ಜಾಗಗಳ ಸಮೀಕ್ಷೆ. ಬೌಂಡರಿ ವಾಟರ್ಸ್‌ನಲ್ಲಿ ಬೇಕೆಂದಲ್ಲಿ ತಂಗುವಂತಿಲ್ಲ. ಕಬ್ಬಿಣದ ಒಲೆ ಹೂಳಿಟ್ಟ ನಿಗದಿತ ಜಾಗಗಳಲ್ಲೇ ಟೆಂಟ್ ಹಾಕಬೇಕು. ಒಂದು ಗುಂಪಿಗೆ 9 ಜನ, 4 ದೋಣಿ ಮೀರುವಂತಿಲ್ಲ. ಆಹಾರದ ತಗಡಿನ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವವರಿಗೆ ಪ್ರವೇಶದ್ವಾರವಾರು ದಿನದ ಕೋಟಾ. ಇಷ್ಟು ಬಿಗಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಕಾರಣ ನೆಲದ ಮೇಲೇ ಕಾಣುತ್ತದೆ. ಅಲ್ಲಿ ಗ್ರಾನೈಟ್ ಬಂಡೆಯ ಮೇಲೆ ಮಣ್ಣಿನ ಹೊದಿಕೆ ಬಹಳ ತೆಳು. ಹೊಸದಾಗಿ ತುಳಿದ ಜಾಗದಲ್ಲಿ ಗಿಡಗಂಟಿ ನಾಶವಾಗುವುದು ಮೊದಲ ಕೆಲವೇ ರಾತ್ರಿಗಳಲ್ಲಿ. ಆಮೇಲೆ ಎಷ್ಟು ಜನ ಬಂದರೂ ಹಾನಿ ಅದೇ ವೇಗದಲ್ಲಿ ಏರುವುದಿಲ್ಲ, ಗ್ರಾಫ್ ಬಾಗಿ ಬಹುತೇಕ ಮಟ್ಟಸವಾಗುತ್ತದೆ. ಅಂದರೆ ನೂರು ಗುಂಪುಗಳನ್ನು ನೂರು ಹೊಸ ಜಾಗಕ್ಕೆ ಚದುರಿಸಿದರೆ ನೂರು ಜಾಗವೂ ಬೋಳು. ಅದೇ ಹತ್ತು ಹಳೆಯ ಜಾಗದಲ್ಲಿ ತಂಗಿಸಿದರೆ ಹತ್ತೇ ಬೋಳು. ಈ ಒಂದು ಗ್ರಾಫ್ ಅರ್ಥವಾದರೆ ನಿಯಮಗಳೆಲ್ಲ ತಾವೇ ಅರ್ಥವಾಗುತ್ತವೆ.

ಸಮೀಕ್ಷೆ ಮಾಡುವ ಕ್ರಮ ಹೀಗೆ. ಜಾಗದ ನಡುವೆ ಒಂದು ಗುರುತು, ಸಾಮಾನ್ಯವಾಗಿ ಒಲೆ. ಅಲ್ಲಿಂದ ಟೇಪ್ ಹಿಡಿದು ದಿಕ್ಸೂಚಿಯ ದಿಕ್ಕುಗಳಲ್ಲಿ ಸಸ್ಯವಿರುವ ಅಂಚಿನವರೆಗೆ ಅಳೆದು, ಬಿಂದುಗಳನ್ನು ಸೇರಿಸಿ ವಿಸ್ತೀರ್ಣ ತೆಗೆಯುವುದು. ಬರಿನೆಲ ಎಷ್ಟು, ಹೊರಬಿದ್ದ ಬೇರಿನ ಮರಗಳೆಷ್ಟು, ಕೊಡಲಿ ಏಟು ತಿಂದ ಮರಗಳೆಷ್ಟು, ನೀರಿಗೆ ಇಳಿಯುವ ಸೀಳುದಾರಿಗಳೆಷ್ಟು. ಕೊನೆಗೆ 1ರಿಂದ 5ರವರೆಗೆ ಒಂದು ದರ್ಜೆ, ಮತ್ತು ಪ್ರತಿ ಸಲ ಅದೇ ಬಿಂದುವಿನಿಂದ, ಅದೇ ದಿಕ್ಕಿಗೆ ಒಂದು ಫೋಟೊ. ಕೆಡುವುದು ಎಲ್ಲಿ ಅಂದರೆ ಅಂಚು ಯಾವುದು ಎಂಬಲ್ಲಿ. ಒಬ್ಬರಿಗೆ ಅಂಚು ಅನ್ನಿಸಿದ್ದು ಇನ್ನೊಬ್ಬರಿಗೆ ಅನ್ನಿಸುವುದಿಲ್ಲ. ಆಗಸ್ಟ್‌ನಲ್ಲಿ ಹಸಿರಾಗಿದ್ದ ಅಂಚು ಮೇ ತಿಂಗಳಲ್ಲಿ ಬೋಳಾಗಿ ಕಾಣುತ್ತದೆ. ಅದಕ್ಕೇ ಒಂದೇ ಜಾಗವನ್ನು ಎರಡು ಜೋಡಿಗಳು ಬೇರೆಬೇರೆಯಾಗಿ ಅಳೆದು ತಾಳೆ ನೋಡುತ್ತಾರೆ, ಹಳೆಯ ಸಮೀಕ್ಷೆ ನಡೆದ ತಿಂಗಳಲ್ಲೇ ಹೊಸದನ್ನೂ ಮಾಡುತ್ತಾರೆ.

ಈ ಅಳತೆಗಳು ಹೋಗಿ ಸೇರುವುದು 1985ರಲ್ಲಿ ಅಮೆರಿಕದ ಫಾರೆಸ್ಟ್ ಸರ್ವೀಸ್ ಸಂಶೋಧಕರು ಮುಂದಿಟ್ಟ ಯೋಜನಾಕ್ರಮಕ್ಕೆ. ಅದಕ್ಕಿಂತ ಮೊದಲು ಎಲ್ಲರೂ ಕೇಳುತ್ತಿದ್ದುದು ಈ ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂದು. ಆ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಶಿಸ್ತಿನ ಐವತ್ತು ಮಂದಿಗಿಂತ ಅಶಿಸ್ತಿನ ಐದು ಮಂದಿ ಹೆಚ್ಚು ಹಾಳು ಮಾಡಬಲ್ಲರು. ಹೊಸ ಕ್ರಮದಲ್ಲಿ ಪ್ರಶ್ನೆಯೇ ಬೇರೆ: ಎಷ್ಟು ಬದಲಾವಣೆಯನ್ನು ನಾವು ಒಪ್ಪಿಕೊಳ್ಳುತ್ತೇವೆ? ಒಂಬತ್ತು ಹಂತಗಳಲ್ಲಿ ಸೂಚಕ, ಮಟ್ಟ, ನಿಗಾ, ಕ್ರಮ ಎಲ್ಲವನ್ನೂ ಮೊದಲೇ ಬರೆದಿಡಬೇಕು. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೊಗಳು ಹರಿದಾಡಿದವು. ಅರಣ್ಯ ಇಲಾಖೆ ಚಾರಣ ತಡೆದು, ಆಮೇಲೆ ಆನ್‌ಲೈನ್ ಬುಕಿಂಗಿನಲ್ಲಿ ದಿನದ ಮಿತಿ ತಂದಿತು. ಮಿತಿ ಬೇಕಾಗಿತ್ತು, ಬಂದದ್ದು ಒಳ್ಳೆಯದು. ಆದರೆ ಆ ಹುಲ್ಲುಗಾವಲಿನ ದಾರಿ ಎಷ್ಟು ಅಗಲವಾಗುವವರೆಗೆ ಸರಿ, ಅದಕ್ಕಿಂತ ಅಗಲವಾದರೆ ಏನು ಮಾಡುತ್ತೇವೆ ಎಂಬುದನ್ನು ಅಂಕಿಯಲ್ಲಿ ಬರೆದಿಟ್ಟು ಪ್ರತಿ ವರ್ಷ ಟೇಪ್ ಹಿಡಿದು ಅಳೆಯುವುದು ಅದರ ಮುಂದಿನ ಕೆಲಸ. ಈ ಕೋರ್ಸ್ ಓದಿದ ಯಾರಿಗಾದರೂ ಕೈ ತುರಿಸುವ ಕೆಲಸ ಅದು.

ಜನರನ್ನು ಎಣಿಸುವುದೂ ಒಂದು ಪಾಠ. ದಾರಿ ಬದಿಯ ಮರಕ್ಕೆ ಸೊಂಟದೆತ್ತರದಲ್ಲಿ ಇನ್ಫ್ರಾರೆಡ್ ಕೌಂಟರ್ ಕಟ್ಟುತ್ತಾರೆ. ಜನ ಒಬ್ಬರ ಹಿಂದೆ ಒಬ್ಬರು ಹೋಗುವ ಇಕ್ಕಟ್ಟಿನ ಜಾಗ ಬೇಕು, ಫಲಕದ ಹತ್ತಿರವಾಗಲೀ ನೋಟ ಚೆನ್ನಾಗಿರುವ ಕಡೆಯಾಗಲೀ ಬೇಡ, ಅಲ್ಲಿ ನಿಂತು ಅತ್ತಿತ್ತ ಓಡಾಡಿದವರು ನಾಲ್ಕು ನಾಲ್ಕು ಸಲ ಲೆಕ್ಕಕ್ಕೆ ಬರುತ್ತಾರೆ. ಬಿಸಿಲಿಗೆ ಮುಖ ಮಾಡಿದ್ದರೆ, ಮುಂದೆ ಕೊಂಬೆ ಅಲ್ಲಾಡುತ್ತಿದ್ದರೆ ಸುಳ್ಳು ಎಣಿಕೆ. ಜೋಡಿಯಾಗಿ ನಡೆದವರು ಒಬ್ಬರಂತೆ ದಾಖಲಾಗುತ್ತಾರೆ. ಆದ್ದರಿಂದ ಪಕ್ಕದಲ್ಲಿ ಕೂತು ಕೆಲವು ಗಂಟೆ ಕೈಯಲ್ಲೂ ಎಣಿಸಬೇಕು. ನಾವು 60 ಎಣಿಸಿದಾಗ ಯಂತ್ರ 48 ತೋರಿಸಿದರೆ ಮುಂದಿನ ಅಂಕಿಗಳನ್ನೆಲ್ಲ 1.25ರಿಂದ ಗುಣಿಸಬೇಕು. ವಾರಾಂತ್ಯಕ್ಕೂ ವಾರದ ದಿನಕ್ಕೂ ಈ ಗುಣಕ ಒಂದೇ ಆಗಿರುವುದಿಲ್ಲ, ವಾರಾಂತ್ಯದಲ್ಲಿ ಗುಂಪುಗಳು ಹೆಚ್ಚು.

ಕ್ಯಾಂಪ್‌ಗ್ರೌಂಡಿನಲ್ಲಿ ಮರ ಬಿದ್ದು ಸಾವು ಆಗದಂತೆ ನೋಡಿಕೊಳ್ಳುವುದು ನಿರ್ವಾಹಕರ ಹೊಣೆ. ಪೊಳ್ಳು ಮರವೆಲ್ಲ ಅಪಾಯಕಾರಿಯಲ್ಲ. ಕಾಂಡದ ವ್ಯಾಸದ ಪ್ರತಿ 6 ಇಂಚಿಗೆ 1 ಇಂಚು ದಪ್ಪದ ಗಟ್ಟಿ ಮರದ ಗೋಡೆ ಇರಬೇಕು ಎಂಬುದು ಲೆಕ್ಕ. 18 ಇಂಚಿನ ಮರಕ್ಕೆ ಸುತ್ತಲೂ 3 ಇಂಚು ಗಟ್ಟಿ ಮರ ಇದ್ದರೆ ಒಳಗೆ ಪೊಳ್ಳಿದ್ದರೂ ನಿಲ್ಲುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಅನುಮಾನವಿದ್ದ ಕಡೆ ಸಣ್ಣ ರಂಧ್ರ ಕೊರೆದು ನೋಡುವುದು. ಜೊತೆಗೆ, ಕೆಳಗೆ ಏನಿದೆ ಎಂಬುದು ಅಷ್ಟೇ ಮುಖ್ಯ. ಟೆಂಟೂ ಮೇಜೂ ಇಲ್ಲದ ಕಡೆ ಒಣಮರ ಬಿದ್ದರೆ ಬೀಳಲಿ, ಮರಕುಟಿಗಕ್ಕೆ ಬೇಕು. ಮೇಜನ್ನು ಮೂವತ್ತು ಅಡಿ ಆಚೆ ಸರಿಸಿದರೆ ಎಷ್ಟೋ ಮರ ಕಡಿಯುವುದೇ ಬೇಡ.

ಹೊರಬಂದವರಲ್ಲಿ ಬಹಳ ಮಂದಿಗೆ ಕೆಲಸ ಸಿಗುವುದು ಕಾಡಿನಲ್ಲಲ್ಲ, ಊರಿನ ಮತ್ತು ಕೌಂಟಿಯ ಪಾರ್ಕುಗಳಲ್ಲಿ. ಅಲ್ಲಿ ಮಕ್ಕಳ ಆಟದ ಅಂಗಳ, ಈಜುಕೊಳ, ಚಳಿಗಾಲಕ್ಕೆ ಹಿಮದ ಸ್ಕೇಟಿಂಗ್ ಅಂಗಳ ನೋಡಿಕೊಳ್ಳಬೇಕು. ಆಟದ ಅಂಗಳದ ತಪಾಸಣೆಗೆ ಎರಡು ಅಂಕಿ ನೆನಪಿದ್ದರೆ ಅರ್ಧ ಕೆಲಸ ಆಯಿತು. ಕಂಬಿಗಳ ನಡುವಿನ ಸಂದು 3.5 ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ 9 ಇಂಚಿಗಿಂತ ಹೆಚ್ಚಿರಬೇಕು. ಅವೆರಡರ ನಡುವೆ ಇದ್ದರೆ ಮಗುವಿನ ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಕೆಳಗೆ ಹಾಸುವ ಮರದ ಚೂರಿನ ದಪ್ಪ. ಅದುಮಿದ ಮೇಲೆ 9 ಇಂಚು ಉಳಿಯಬೇಕು, ಹಾಗಾಗಿ 12 ಇಂಚು ಸುರಿಯಬೇಕು. ಉಯ್ಯಾಲೆಯ ಕೆಳಗೆ, ಜಾರುಬಂಡೆಯ ತುದಿಯಲ್ಲಿ ಮಕ್ಕಳು ಕಾಲಿನಿಂದ ಕೆದಕಿ ಗುಂಡಿ ಮಾಡಿರುತ್ತಾರೆ. ಅಲ್ಲಿ ಅಳೆದರೆ ನಾಲ್ಕು ಇಂಚೂ ಇರುವುದಿಲ್ಲ, ಬೀಳುವುದೂ ಅಲ್ಲೇ. ಸ್ಕೇಟಿಂಗ್ ಅಂಗಳಕ್ಕೆ ನೀರನ್ನು ತೆಳು ಪದರವಾಗಿ ಹಾಯಿಸಿ, ಹೆಪ್ಪುಗಟ್ಟಿದ ಮೇಲೆ ಮತ್ತೊಂದು ಪದರ. ಅವಸರಕ್ಕೆ ಒಮ್ಮೆಲೇ ಹಾಯಿಸಿದರೆ ಮೇಲೆ ಗಟ್ಟಿಯಾಗಿ ಕೆಳಗೆ ಟೊಳ್ಳು ಉಳಿಯುತ್ತದೆ, ಸ್ಕೇಟ್ ಅಲ್ಲಿ ಕುಸಿಯುತ್ತದೆ.

ಬೇಸಿಗೆ ಕೆಲಸಕ್ಕೆ ಹೋಗುವ ಮೊದಲು ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಎಂಬ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿರಬೇಕು, 70ರಿಂದ 80 ಗಂಟೆಯದ್ದು. ಆಸ್ಪತ್ರೆ ಗಂಟೆಗಳಷ್ಟು ದೂರವಿದ್ದಾಗ ಏನು ಮಾಡಬೇಕೆಂಬುದು ವಿಷಯ. ಅಭ್ಯಾಸದಲ್ಲಿ ಎಲ್ಲರೂ ಮೊದಲು ಓಡುವುದು ರಕ್ತ ಕಾಣುವ ಕಡೆಗೆ. ಕಲಿಯಬೇಕಾದದ್ದು ಓಡದೆ ನಿಲ್ಲುವುದು: ಜಾಗ ಸುರಕ್ಷಿತವೇ, ಎಷ್ಟು ಮಂದಿಗೆ ಪೆಟ್ಟು, ಉಸಿರಾಟ ಹೇಗಿದೆ. ಉತ್ತರ ಮಿನೆಸೋಟದಲ್ಲಿ ಮೇ ತಿಂಗಳ ನೀರು ಹಿಮ ಕರಗಿ ಕೆಲವೇ ವಾರ ಆಗಿರುವ ನೀರು. ದೋಣಿ ಮಗುಚಿದವರಿಗೆ ಗಾಯಕ್ಕಿಂತ ಚಳಿಯೇ ಹೆಚ್ಚು ಅಪಾಯ. ಒದ್ದೆ ಬಟ್ಟೆ ತೆಗೆದು, ನೆಲದಿಂದ ಬೇರ್ಪಡಿಸಿ, ಸುತ್ತಿ ಬೆಚ್ಚಗಿಡುವುದನ್ನು ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿಸುತ್ತಾರೆ.

ಇನ್ನು ಜನರೆದುರು ಮಾತಾಡುವುದು. ಪಾರ್ಕಿಗೆ ಬಂದವರಿಗೆ ಅಲ್ಲಿನ ಕಥೆ ಹೇಳುವ ವಿದ್ಯೆಗೆ 1957ರಲ್ಲಿ ಅಮೆರಿಕದ ಲೇಖಕ ಫ್ರೀಮನ್ ಟಿಲ್ಡನ್ ಆರು ಸೂತ್ರ ಹಾಕಿಕೊಟ್ಟರು. ಕೇಳುವವರ ಬದುಕಿಗೆ ತಾಗದ ಮಾತು ಬಂಜರು ಎಂಬುದು ಅದರಲ್ಲಿ ಮೊದಲನೆಯದು. ತರಗತಿಯಲ್ಲಿ ಹತ್ತು ನಿಮಿಷದ ಮಾತು ತಯಾರಿಸಬೇಕು, ಅದಕ್ಕೆ ಒಂದು ಪೂರ್ಣ ವಾಕ್ಯದ ತಿರುಳು ಇರಲೇಬೇಕು. ‘ಜ್ಯಾಕ್ ಪೈನ್ ಮರಗಳು’ ಎಂದರೆ ವಿಷಯವಾಯಿತು, ತಿರುಳಲ್ಲ. ‘ಜ್ಯಾಕ್ ಪೈನ್ ಮರ ತನ್ನ ಮಕ್ಕಳನ್ನು ಬೆಂಕಿಗಾಗಿ ಕಾದಿಟ್ಟಿರುತ್ತದೆ’ ಎಂದರೆ ಹತ್ತು ನಿಮಿಷಕ್ಕೆ ದಾರಿ ಸಿಕ್ಕಿತು. ಅಂಟಿನಿಂದ ಮುಚ್ಚಿದ ಕಾಯಿಯನ್ನು ಕೈಗೆ ಕೊಡಿ, ತೆರೆಯಲು ಹೇಳಿ, ಯಾರಿಗೂ ಆಗುವುದಿಲ್ಲ. ಆಮೇಲೆ ಬೆಂಕಿಯ ಶಾಖಕ್ಕೆ ಬಾಯಿಬಿಟ್ಟ ಇನ್ನೊಂದು ಕಾಯಿ ತೋರಿಸಿ. 2011ರಲ್ಲಿ ಬೌಂಡರಿ ವಾಟರ್ಸ್‌ನಲ್ಲಿ ಸಿಡಿಲಿಗೆ ಹೊತ್ತಿದ ಪಗಾಮಿ ಕ್ರೀಕ್ ಬೆಂಕಿ 90 ಸಾವಿರ ಎಕರೆಗೂ ಹೆಚ್ಚು ಸುಟ್ಟ ವಿಷಯವನ್ನು ಅದಾದ ಮೇಲೆ ಹೇಳಿದರೆ ಕೇಳುವವರ ಮುಖದಲ್ಲಿ ಭಯದ ಜೊತೆ ಕುತೂಹಲವೂ ಇರುತ್ತದೆ. ಸಣ್ಣ ಸಣ್ಣ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಬಿಸಿಲು ಮಾತಾಡುವವರ ಕಣ್ಣಿಗೆ ಬೀಳಲಿ, ಕೇಳುವವರ ಕಣ್ಣಿಗಲ್ಲ. ಗುಂಪಿನ ಕೊನೆಯವರು ಬಂದು ಉಸಿರು ತೆಗೆದುಕೊಳ್ಳುವವರೆಗೆ ಬಾಯಿ ತೆರೆಯಬೇಡಿ. ಯಾರಾದರೂ ಪ್ರಶ್ನೆ ಕೇಳಿದರೆ ಎಲ್ಲರಿಗೂ ಕೇಳುವಂತೆ ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿ, ಆಮೇಲೆ ಉತ್ತರಿಸಿ.

ಕಾನೂನು ಮತ್ತು ದುಡ್ಡಿನ ಪೇಪರ್ ಒಣ ಅನ್ನಿಸಬಹುದು, ಆದರೆ ಬಿಡಬೇಡಿ. ಅಮೆರಿಕದ ಅಸಂಖ್ಯ ಸಣ್ಣ ಪಾರ್ಕುಗಳ ಹಿಂದೆ ಇರುವುದು ಸಮುದ್ರದ ತೈಲದ ಆದಾಯದಿಂದ ನಡೆಯುವ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್. ಅದರಿಂದ ದುಡ್ಡು ಪಡೆದ ಊರು ಅಷ್ಟೇ ಪಾಲು ತಾನೂ ಹಾಕಬೇಕು, ಮತ್ತು ಆ ಜಾಗ ಶಾಶ್ವತವಾಗಿ ಹೊರಾಂಗಣ ವಿಹಾರಕ್ಕೇ ಮೀಸಲು. ಮುಂದೆಂದಾದರೂ ಅಲ್ಲಿ ಕಟ್ಟಡ ಕಟ್ಟಬೇಕೆಂದರೆ ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಬೇರೆ ಜಾಗ ಕೊಡಬೇಕು. ಊರಿನ ಪಾರ್ಕಿಗೆ ಇಂಥದೊಂದು ಷರತ್ತಿದ್ದರೆ ಎಷ್ಟು ಬಲ ಎಂದು ಬೆಂಗಳೂರಿನ ಯಾವ ಬಡಾವಣೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬೇಸಿಗೆಯ ಸರ್ಕಾರಿ ಕೆಲಸಗಳ ಪ್ರಕಟಣೆ ಹಿಂದಿನ ಚಳಿಗಾಲದಲ್ಲೇ ಬರುತ್ತದೆ, ಕೆಲವು ಕೆಲವೇ ದಿನ ತೆರೆದಿರುತ್ತವೆ. ಮಾರ್ಚ್‌ನಲ್ಲಿ ಹುಡುಕಲು ಕೂತರೆ ತಡವಾಯಿತು. ಫೆಡರಲ್ ಅರ್ಜಿಯ ರೆಸ್ಯೂಮೆಯಲ್ಲಿ ಪ್ರತಿ ಕೆಲಸಕ್ಕೂ ಶುರು ಮತ್ತು ಮುಗಿದ ತಿಂಗಳು, ವಾರಕ್ಕೆ ಎಷ್ಟು ಗಂಟೆ ಎಂದು ಬರೆದಿರಬೇಕು. ಅದಿಲ್ಲದಿದ್ದರೆ ಅನುಭವವೇ ಲೆಕ್ಕಕ್ಕೆ ಬರುವುದಿಲ್ಲ. ತಾತ್ಕಾಲಿಕ ಹುದ್ದೆಗೆ ವರ್ಷಕ್ಕೆ 1,039 ಗಂಟೆಯ ಮಿತಿ, ಅಂದರೆ ಆರು ತಿಂಗಳ ಆಸುಪಾಸು. ಎರಡು ವರ್ಷದ ಓದು ಫೆಡರಲ್ ಸಂಬಳದ ಶ್ರೇಣಿಯಲ್ಲಿ ಜಿಎಸ್-4 ಎಂಬ ಮಟ್ಟಕ್ಕೆ ಅರ್ಹತೆ ಕೊಡುತ್ತದೆ, ಜಿಎಸ್-5ಕ್ಕೆ ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ತಕ್ಕ ಕೆಲಸದ ಅನುಭವ ಬೇಕು. ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಬರುವವರು ಒಂದು ಸಂಗತಿ ಸ್ಪಷ್ಟವಾಗಿ ತಿಳಿದಿರಬೇಕು. ಈ ಫೆಡರಲ್ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ವಿದ್ಯಾರ್ಥಿ ವೀಸಾದವರಿಗೆ ಉಳಿಯುವುದು ಅನುಮತಿ ಪಡೆದು ಮಾಡುವ ಇಂಟರ್ನ್‌ಶಿಪ್ ಮತ್ತು ಓದಿನ ನಂತರದ ಒಂದು ವರ್ಷದ ಕೆಲಸದ ಅವಕಾಶ. ಅದನ್ನು ಸ್ಥಳೀಯ ಪಾರ್ಕು, ಖಾಸಗಿ ಶಿಬಿರ, ದೋಣಿ ಬಾಡಿಗೆಯ ಔಟ್‌ಫಿಟರ್‌ಗಳಲ್ಲಿ ಹುಡುಕಬೇಕು. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅಮೆರಿಕದ ಪೌರತ್ವವಿರುವ ಮಕ್ಕಳಿಗೆ ಈ ತೊಡಕಿಲ್ಲ. ಅವರಲ್ಲಿ ಇನ್ನೂ ಹೆಚ್ಚು ಮಂದಿ ಈ ಕಡೆ ಬರಲಿ ಎಂದು ಮನಸಾರೆ ಬಯಸುತ್ತೇನೆ.

ಮುಂದೆ ನಾಲ್ಕು ವರ್ಷದ ಪದವಿಗೆ ಹೋಗುವ ಯೋಚನೆ ಇದ್ದರೆ ಸೇರುವ ದಿನವೇ ನೋಡಬೇಕಾದದ್ದು ಪದವಿಯ ಹೆಸರಿನ ಕೊನೆಯ ಅಕ್ಷರಗಳನ್ನು. ಮಿನೆಸೋಟದ ಸರ್ಕಾರಿ ಕಾಲೇಜುಗಳಲ್ಲಿ ಎ.ಎ. (ಅಸೋಸಿಯೇಟ್ ಆಫ್ ಆರ್ಟ್ಸ್) ಪದವಿಯಲ್ಲಿ 40 ಕ್ರೆಡಿಟ್ ಸಾಮಾನ್ಯ ಶಿಕ್ಷಣ, ಎ.ಎಸ್.ನಲ್ಲಿ (ಸೈನ್ಸ್) 30, ಎ.ಎ.ಎಸ್.ನಲ್ಲಿ (ಅಪ್ಲೈಡ್ ಸೈನ್ಸ್) 15. ಈ ಸಾಮಾನ್ಯ ಶಿಕ್ಷಣದ ಪೇಪರುಗಳು ಯೂನಿವರ್ಸಿಟಿಗೆ ಸಲೀಸಾಗಿ ವರ್ಗವಾಗುತ್ತವೆ. ಗರಗಸ, ದಾರಿ, ಸಮೀಕ್ಷೆಯ ಪೇಪರುಗಳು ಹಾಗಲ್ಲ, ಬಹಳಷ್ಟು ಕಡೆ ಅವನ್ನು ಐಚ್ಛಿಕ ಎಂದು ಮಾತ್ರ ಸೇರಿಸಿಕೊಳ್ಳುತ್ತಾರೆ. ಎ.ಎ.ಎಸ್. ಮಾಡಿ ನೇರ ಕೆಲಸಕ್ಕೆ ಹೋಗುವವರಿಗೆ ಏನೂ ತೊಂದರೆಯಿಲ್ಲ. ಮುಂದೆ ಓದುವವರು ಎ.ಎ.ಎಸ್. ಆರಿಸಿಕೊಂಡರೆ ಎರಡು ವರ್ಷದ ಬದಲು ಮೂರು ವರ್ಷ ಮತ್ತೆ ಓದಬೇಕಾಗಬಹುದು. ಹೋಗಬೇಕೆಂದಿರುವ ಯೂನಿವರ್ಸಿಟಿಯಿಂದ ಯಾವ ಪೇಪರಿಗೆ ಯಾವುದು ಸಮ ಎಂಬ ಪಟ್ಟಿಯನ್ನು ಮೊದಲ ಸೆಮಿಸ್ಟರಿನಲ್ಲೇ ಬರಹದಲ್ಲಿ ತರಿಸಿಕೊಳ್ಳಿ. ಪ್ರತಿ ಕೋರ್ಸಿನ ಪಠ್ಯವಿವರದ ಪ್ರತಿಯನ್ನೂ ತೆಗೆದಿಡಿ. ಎರಡು ವರ್ಷದ ನಂತರ ಕ್ರೆಡಿಟ್ ಒಪ್ಪಿಸಲು ಅವರು ಕೇಳುವುದು ಅದನ್ನೇ.